ಮುಖಚಿತ್ರವೇ ಮುಳುವಾದಾಗ

2022ನೆಯ ಅಕ್ಟೋಬರ್ 25ರ ಸಂಜೆ ಸೂರ್ಯನು ಗ್ರಹಣಗ್ರಸ್ತನಾಗಿಯೇ ಅಸ್ತಮಿಸಿದನು. ಚಿಂಚೋಳಿಯ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳು, ಸೂಜಿರಂಧ್ರದ ಮೂಲಕ ಕಾಗದದ ಮೇಲೆ ಬಿದ್ದ ಸೂರ್ಯಬಿಂಬವನ್ನು ಮೊಬೈಲಿನಲ್ಲಿ ಸೆರೆಹಿಡಿಯುತ್ತಿದ್ದಾಗ, ಬ್ಯಾಟರಿ ಮುಗಿದು ಮೊಬೈಲು ಆರಿಹೋಯಿತು. ಆ ವಿಡಿಯೋ ಕಡತವನ್ನು ಕಾಲೇಜಿನ ಗಣಕಯಂತ್ರಕ್ಕೆ ಇಳಿಸಿ ಫೋಲ್ಡರನ್ನು ತೆರೆದೊಡನೆ ಕಿಟಕಿಯು ತಾನಾಗಿ ಮುಚ್ಚಿಕೊಂಡಿತು. ಎಷ್ಟು ಸಲ ತೆರೆದರೂ ಅದೇ ಗತಿ. "ವೈರಸ್ ಇರಬೇಕು ಸರ್, ಅಳಿಸಿಬಿಡೋಣ" ಎಂದರು ಕೆಲವರು. ಆದರೆ ಕಳೆದುಹೋದ ಗ್ರಹಣವನ್ನು ಮರಳಿ ಕರೆಯುವುದೆಂತು?

ವಿಡಿಯೋವನ್ನು ನಾವು ನಡೆಸಿಯೇ ಇರಲಿಲ್ಲ. ಹಾಗಿದ್ದೂ ಕಿಟಕಿ ಮುಚ್ಚಿದ್ದೇಕೆ? ಫೈಲ್ ಎಕ್ಸ್‌ಪ್ಲೋರರ್ ಕಡತಗಳ ಹೆಸರನ್ನಷ್ಟೇ ತೋರಿಸುವುದಿಲ್ಲ. ಪ್ರತಿಯೊಂದು ವಿಡಿಯೋಕ್ಕೂ ಪುಟ್ಟದೊಂದು ಮುಖಚಿತ್ರವನ್ನು ರಚಿಸಲು, ಅದರೊಳಗಿನ ಒಂದು ದೃಶ್ಯವನ್ನು ಬಿಡಿಸಿಕೊಡುವಂತೆ ಕೋಡೆಕ್ ಎಂಬ ಕ್ರಮವಿಧಿಯನ್ನು ಕೇಳುತ್ತದೆ. ಕಡತವು ಭಗ್ನವಾಗಿದ್ದು ಕೋಡೆಕ್ ಎಚ್ಚರಗೇಡಿಯಾಗಿದ್ದರೆ, ಅದು ತಪ್ಪು ಸಂಖ್ಯೆಯನ್ನು ನಂಬಿ ತನಗೆ ಸೇರದ ಸ್ಮೃತಿಸ್ಥಾನಕ್ಕೆ ಕೈಹಾಕುತ್ತದೆ. ಆಗ ಕಾರ್ಯಾಚರಣ ವ್ಯವಸ್ಥೆಯು ಅದನ್ನು ತತ್‌ಕ್ಷಣ ನಿಲ್ಲಿಸುತ್ತದೆ. ಅದು ಎಕ್ಸ್‌ಪ್ಲೋರರಿನ ಒಳಗೇ ದುಡಿಯುತ್ತಿದ್ದರೆ ಎಕ್ಸ್‌ಪ್ಲೋರರೂ ಕುಸಿಯುತ್ತದೆ.

ವಾಡಿ ಜಂಕ್ಷನ್ನನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಗೂಡ್ಸ್ ಗಾಡಿಯೊಂದು ಮುಖ್ಯ ಹಳಿಯ ಮೇಲೆ ಕೆಟ್ಟು ನಿಂತರೆ, ಶಹಾಬಾದಿನಿಂದ ಬಂದು ಚಿತ್ತಾಪುರ, ಸೇಡಂಗಳತ್ತ ಹೊರಟ ಗಾಡಿಯೂ ಕಾಯಬೇಕಾಗುತ್ತದೆ. ಅದೇ ಗಾಡಿ ಪಕ್ಕದ ಹಳಿಯಲ್ಲಿ ಕೆಟ್ಟರೆ ಸಂಚಾರಕ್ಕೆ ಭಂಗವಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ಮುಖಚಿತ್ರದ ಕೆಲಸವು ಮುಖ್ಯ ಹಳಿಯ ಮೇಲೆಯೇ ನಡೆಯುತ್ತಿತ್ತು. 2007ರಲ್ಲಿ ಬಂದ ವಿಸ್ತಾದಿಂದೀಚೆಗೆ ಅದನ್ನು ಸಾಮಾನ್ಯವಾಗಿ ಪಕ್ಕದ ಹಳಿಗೆ, ಎಂದರೆ ಪ್ರತ್ಯೇಕ ಪ್ರೋಸೆಸ್ಸಿಗೆ, ಒಪ್ಪಿಸಲಾಗಿದೆ. ಆದರೂ ಹೊರಗಿನಿಂದ ತಂದು ಹಾಕಿದ ಕೆಲವು ಕೋಡೆಕ್ ಕಟ್ಟುಗಳು ಮುಖ್ಯ ಹಳಿಗೆ ನುಗ್ಗುವುದುಂಟು. ನಮ್ಮ ಯಂತ್ರದಲ್ಲಿ ಅಂಥದೊಂದು ಹಳೆಯ ಕಟ್ಟು ಇದ್ದಿತು.

ಪರಿಹಾರವು ಪ್ರಯೋಗದಂತೆಯೇ ಕ್ರಮಬದ್ಧವಾಗಿರಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಫೋಲ್ಡರ್ ಆಪ್ಷನ್ಸ್‌ನ ವ್ಯೂ ವಿಭಾಗದಲ್ಲಿ 'ಆಲ್ವೇಸ್ ಶೋ ಐಕಾನ್ಸ್, ನೆವರ್ ಥಂಬ್‌ನೇಲ್ಸ್' ಎಂಬುದಕ್ಕೆ ಗುರುತು ಹಾಕಿದೆವು. ಫೋಲ್ಡರು ತೆರೆದೇ ಉಳಿಯಿತು. ಮುಖಚಿತ್ರದ ಕೆಲಸವೇ ಅಪರಾಧಿಯೆಂಬುದು ಸಿದ್ಧವಾಯಿತು. ಬಳಿಕ ಕಡತದ ಪ್ರತಿಯೊಂದನ್ನು ಬೇರೆಡೆ ಕಾಪಾಡಿ, ಆ ಕೋಡೆಕ್ ಕಟ್ಟನ್ನು ತೆಗೆದುಹಾಕಿ, ಗುರುತನ್ನು ಅಳಿಸಿದೆವು. ಕಿಟಕಿಯು ಮತ್ತೆ ಮುಚ್ಚಲಿಲ್ಲ.

ಇನ್ನು ವಿಡಿಯೋದ ಮಾತು. ಎಂಪಿ4 ಕಡತದಲ್ಲಿ ಯಾವ ದೃಶ್ಯ ಎಲ್ಲಿದೆಯೆಂದು ಹೇಳುವ ಸೂಚಿಯನ್ನು ಮೊಬೈಲುಗಳು ಸಾಮಾನ್ಯವಾಗಿ ಚಿತ್ರೀಕರಣ ಮುಗಿದ ಮೇಲೆ ಬರೆಯುತ್ತವೆ. ಬ್ಯಾಟರಿ ನಡುವೆಯೇ ಮುಗಿದುದರಿಂದ ದೃಶ್ಯಗಳಿದ್ದವು, ಸೂಚಿ ಇರಲಿಲ್ಲ. ಅದೇ ಮೊಬೈಲಿನಲ್ಲಿ ತೆಗೆದ ಸುಸ್ಥಿತಿಯ ವಿಡಿಯೋ ಒಂದನ್ನು ಮಾದರಿಯಾಗಿ ಕೊಟ್ಟರೆ, ಅನ್‌ಟ್ರಂಕ್ ಎಂಬ ಉಚಿತ ತಂತ್ರಾಂಶವು ಸೂಚಿಯನ್ನು ಪುನಃ ಕಟ್ಟಲು ಯತ್ನಿಸುತ್ತದೆ. ನಮ್ಮ ಯತ್ನವು ಫಲಿಸಿತು. ಕೊನೆಯ ಕೆಲವು ಕ್ಷಣಗಳ ಹೊರತು, ಕಾಗದದ ಮೇಲಿನ ಆ ಕತ್ತರಿಸಿದ ಸೂರ್ಯನು ಮರಳಿ ಬಂದನು.

ಆದುದರಿಂದ, ವಿದ್ಯಾರ್ಥಿಗಳೇ, ಅಳಿಸುವ ಮೊದಲು ಕಾರಣವನ್ನು ಹುಡುಕಿರಿ.