ಊರು ಬಿಟ್ಟವರ ಮೇಲೂ ಬಿದ್ದ ಬಾಂಬು

ದುಬೈಯಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮವರಿಗೆ ಕರ್ಟಿನ್ ವಿಶ್ವವಿದ್ಯಾಲಯದ ಹೆಸರು ಗೊತ್ತು. ಇಲ್ಲಿರುವುದು ಅದರ ಶಾಖೆ. ಮೂಲ ಇರುವುದು ಆಸ್ಟ್ರೇಲಿಯಾದ ಪರ್ತ್ ನಗರದ ಬೆಂಟ್ಲಿಯಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ದೇಶದ ಪ್ರಧಾನಿಯಾಗಿದ್ದ ಜಾನ್ ಕರ್ಟಿನ್ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಅವರು ತೀರಿಕೊಂಡದ್ದು 1945ರ ಜುಲೈ 5ರಂದು. ಜಪಾನಿನ ಸೆರೆಯಲ್ಲಿದ್ದ ತಮ್ಮ ಸಾವಿರಾರು ಸೈನಿಕರು ಮನೆ ಸೇರಿದ್ದನ್ನು ಅವರು ನೋಡಲಿಲ್ಲ. ಹಿರೋಷಿಮಾ, ನಾಗಸಾಕಿಯ ಸುದ್ದಿಯನ್ನೂ ಕೇಳಲಿಲ್ಲ.

ಆ ಸೆರೆಯಾಳುಗಳಲ್ಲಿ 24 ಮಂದಿ ಆಗಸ್ಟ್ 9ರಂದು ನಾಗಸಾಕಿಯಲ್ಲೇ ಇದ್ದರು. ಬಾಂಬು ಸಿಡಿದ ಜಾಗಕ್ಕೂ ಅವರ ಶಿಬಿರಕ್ಕೂ ಎರಡು ಕಿ.ಮೀ. ಕೂಡ ಇರಲಿಲ್ಲ. ಪೀಟರ್ ಮೆಗ್ರಾ-ಕೆರ್ ಎಂಬವರು ಪಕ್ಕೆಲುಬು ಮುರಿದು, ಪ್ರಜ್ಞೆ ತಪ್ಪಿ ಅವಶೇಷದಡಿ ಬಿದ್ದಿದ್ದರು. ಆಶ್ಚರ್ಯವೆಂದರೆ 24 ಜನರೂ ಬದುಕಿದರು. 1945 ಮುಗಿಯುವುದರೊಳಗೆ ಹಿರೋಷಿಮಾದಲ್ಲಿ ಸುಮಾರು 1,40,000, ನಾಗಸಾಕಿಯಲ್ಲಿ 70,000ಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು.

ಆಸ್ಟ್ರೇಲಿಯಾಕ್ಕೆ ಬಾಂಬಿನ ಸಹವಾಸ ಅಲ್ಲಿಗೆ ತಪ್ಪಲಿಲ್ಲ. 1952ರ ಅಕ್ಟೋಬರ್ 3ರಂದು ಬ್ರಿಟನ್ ತನ್ನ ಮೊದಲ ಅಣುಬಾಂಬನ್ನು ಪರೀಕ್ಷಿಸಿದ್ದು ಪಶ್ಚಿಮ ಆಸ್ಟ್ರೇಲಿಯಾದ ಮಾಂಟೆ ಬೆಲ್ಲೊ ದ್ವೀಪಗಳಲ್ಲಿ. ತನ್ನ ನೆಲದಲ್ಲಿ ಯಾಕೆ ಮಾಡಲಿಲ್ಲ ಎಂದು ನಾವು ಕೇಳಬೇಕಾಗಿಲ್ಲ! ಮುಂದೆ ಎಮು ಫೀಲ್ಡ್, ಮರಲಿಂಗ ಸೇರಿ 1957ರವರೆಗೆ ಒಟ್ಟು 12 ದೊಡ್ಡ ಸ್ಫೋಟಗಳು ನಡೆದವು. ಆ ಮರುಭೂಮಿ ಖಾಲಿ ಇರಲಿಲ್ಲ, ಮೂಲನಿವಾಸಿಗಳು ಓಡಾಡುವ ನೆಲ ಅದು. ಎಚ್ಚರಿಕೆಯ ಫಲಕಗಳಿದ್ದವು, ಆದರೆ ಅವರು ಓದಲಾರದ ಇಂಗ್ಲಿಷಿನಲ್ಲಿ. 1953ರ ಅಕ್ಟೋಬರಿನಲ್ಲಿ ಒಂದು ಕಪ್ಪು ಮಂಜು ತಮ್ಮ ಬಿಡಾರದ ಮೇಲೆ ಹಾದುಹೋಯಿತೆಂದು ಯಾಮಿ ಲೆಸ್ಟರ್ ಹೇಳುತ್ತಿದ್ದರು. ಆಗ ಅವರಿನ್ನೂ ಬಾಲಕ. ಮುಂದೆ ಎರಡೂ ಕಣ್ಣು ಹೋದವು. ಅವರಂಥವರು ಬಿಡದೆ ಕೇಳಿದ್ದರಿಂದಲೇ 1984ರಲ್ಲಿ ಸರ್ಕಾರ ವಿಚಾರಣಾ ಆಯೋಗ ನೇಮಿಸಿತು.

ಪರೀಕ್ಷಾ ಸ್ಥಳಗಳಲ್ಲಿ ದುಡಿದ ಸೈನಿಕರು, ಕೆಲಸಗಾರರ ಕಥೆಯೂ ಇಂಥದ್ದೇ. ಖರ್ಚಿಲ್ಲದೆ ಚಿಕಿತ್ಸೆ ಕೊಡುವ ಗೋಲ್ಡ್ ಕಾರ್ಡ್ ಅವರಿಗೆ ಸಿಕ್ಕಿದ್ದು 2017ರಲ್ಲಿ. ಮೊದಲ ಸ್ಫೋಟವಾಗಿ ಅಷ್ಟರಲ್ಲಿ 65 ವರ್ಷ. ಬಹಳಷ್ಟು ಜನ ತೀರಿಕೊಂಡಿದ್ದರು. ಯುದ್ಧದ ನಂತರ ಜಪಾನಿನಲ್ಲಿ ಕಾವಲಿಗಿದ್ದ ಆಸ್ಟ್ರೇಲಿಯದ ಸೈನಿಕರಿಗೂ ಆಗಲೇ ಆ ಕಾರ್ಡ್ ಸಿಕ್ಕಿತು. ಅವರ ನೆಲೆ ಹಿರೋಷಿಮಾದ ಹತ್ತಿರದ ಕುರೆಯಲ್ಲಿತ್ತು. ಅದೇ ಕಾಮನ್‌ವೆಲ್ತ್ ಪಡೆಯಲ್ಲಿ ಭಾರತೀಯ ಬ್ರಿಗೇಡ್ ಒಂದನ್ನು ಮುನ್ನಡೆಸಿದವರು ನಮ್ಮ ಕೊಡಗಿನ ತಿಮ್ಮಯ್ಯನವರು.

ಗಲ್ಫಿನಲ್ಲಿರುವ ನಮಗೆ ಇನ್ನೂ ಹತ್ತಿರವಾಗಿ ತಟ್ಟುವುದು ಕೊರಿಯನ್ನರ ಪಾಡು. ಹೊಟ್ಟೆಪಾಡಿಗೆಂದು ಹೋದವರು, ಬಲವಂತವಾಗಿ ಎಳೆದೊಯ್ಯಲ್ಪಟ್ಟವರು ಸಾವಿರಾರು ಮಂದಿ ಆ ಎರಡು ಊರುಗಳಲ್ಲಿ ಸತ್ತರು. ಬದುಕಿದವರು ಊರಿಗೆ ಮರಳಿದರೆ ಅಲ್ಲಿ ಚಿಕಿತ್ಸೆ ಇರಲಿಲ್ಲ. ಜಪಾನಿಗೆ ಬಂದು ಸಂತ್ರಸ್ತರ ಕೈಪಿಡಿ ಮಾಡಿಸಿಕೊಂಡರೂ, ಗಡಿ ದಾಟಿದ ಕೂಡಲೇ ಭತ್ಯೆ ನಿಲ್ಲುತ್ತದೆಂದು 1974ರಲ್ಲಿ ಅಲ್ಲಿನ ಆರೋಗ್ಯ ಸಚಿವಾಲಯ 402ನೇ ಸುತ್ತೋಲೆ ಹೊರಡಿಸಿತು. ಮೈಮೇಲಿನ ವಿಕಿರಣವೇನೂ ಇಮಿಗ್ರೇಷನ್ ಕೌಂಟರಿನಲ್ಲಿ ಉಳಿದುಬಿಡುವುದಿಲ್ಲವಲ್ಲ! ಸೈನ್ಯಕ್ಕೆ ಬಲವಂತವಾಗಿ ಸೇರಿಸಲ್ಪಟ್ಟು ಹಿರೋಷಿಮಾದಲ್ಲಿ ಬಾಂಬಿಗೆ ಸಿಕ್ಕಿದ್ದ ಕ್ವಾಕ್ ಕ್ವಿ-ಹೂನ್ ಎಂಬ ಕೊರಿಯದವರು ಕೋರ್ಟಿಗೆ ಹೋದರು. 2002ರ ಡಿಸೆಂಬರಿನಲ್ಲಿ ಒಸಾಕಾ ಹೈಕೋರ್ಟಿನಲ್ಲಿ ಗೆದ್ದರು. ಮರುವರ್ಷ ಸುತ್ತೋಲೆ ರದ್ದಾಯಿತು.

ಹಿರೋಷಿಮಾದಲ್ಲಿ ಸತ್ತ ಕೊರಿಯನ್ನರಿಗೆಂದು ಅಲ್ಲಿ ನೆಲೆಸಿದ್ದ ಕೊರಿಯನ್ನರು 1970ರಲ್ಲಿ ಒಂದು ಸ್ಮಾರಕ ಕಟ್ಟಿಸಿದ್ದರು. ಶಾಂತಿ ಉದ್ಯಾನದ ಒಳಗೆ ಜಾಗ ಸಿಗದೆ ಅದು ಹೊರಗೇ ನಿಂತಿತ್ತು. ಒಳಗೆ ತಂದದ್ದು 1999ರಲ್ಲಿ.