75 ಸೆಂಟಿನ ಲೆಕ್ಕ ತಪ್ಪಿದಾಗ

ಸೈಕಲ್ಲಿಗೆ ಹಾಕುವ ಮೂರು ಅಂಕಿಗಳ ನಂಬರ್ ಬೀಗವನ್ನು ನೀವು ನೋಡಿರುತ್ತೀರಿ. ಗುಟ್ಟಿನ ಸಂಖ್ಯೆ ಗೊತ್ತಿಲ್ಲದವನೂ 000ದಿಂದ 999ರವರೆಗೆ ಒಂದೊಂದಾಗಿ ತಿರುಗಿಸುತ್ತ ಹೋದರೆ ಸಾವಿರ ಪ್ರಯತ್ನದೊಳಗೆ ಅದನ್ನು ತೆಗೆದೇ ತೆಗೆಯುತ್ತಾನೆ. ಜಾಣತನ ಬೇಡ, ತಾಳ್ಮೆ ಸಾಕು. ನಿಮ್ಮ ಅಂಕಪಟ್ಟಿ, ಮನೆಯವರ ಬ್ಯಾಂಕ್ ಖಾತೆ ಇರುವಂಥ ಸರ್ವರ್‌ಗಳ ಮೇಲೆ ನಡೆಯುವ ‘ಬ್ರೂಟ್ ಫೋರ್ಸ್’ ದಾಳಿಯೂ ಇದೇ ಬಗೆಯದು. ತಿರುಗಿಸುವ ಕೆಲಸ ಮಾತ್ರ ಕಂಪ್ಯೂಟರಿನದು.

ಇಂಗ್ಲಿಷಿನ 26 ಸಣ್ಣ ಅಕ್ಷರಗಳಿಂದ ಎಂಟಕ್ಷರದ ಪಾಸ್‌ವರ್ಡ್ ಮಾಡಿದರೆ ಸುಮಾರು 20,880 ಕೋಟಿ ಸಾಧ್ಯತೆಗಳಿವೆ. ಸೆಕೆಂಡಿಗೆ ಹತ್ತರಂತೆ ಪರೀಕ್ಷಿಸಿದರೆ ಎಲ್ಲವೂ ಮುಗಿಯಲು ಆರುನೂರು ವರ್ಷಕ್ಕೂ ಹೆಚ್ಚು ಬೇಕು! ಆದರೂ ಕಳ್ಳ ಒಳಗೆ ಬರುತ್ತಾನಲ್ಲ, ಹೇಗೆ? ನಾವು ಅಕ್ಷರಗಳನ್ನು ಮನಬಂದಂತೆ ಜೋಡಿಸುವುದು ಅಪರೂಪ. ಹೆಸರು, ಊರು, ಬಳಕೆಯ ಪದ ಇಡುತ್ತೇವೆ. ಆದ್ದರಿಂದ ಅವನು ನಿಘಂಟಿನಿಂದಲೇ ಆರಂಭಿಸುತ್ತಾನೆ.

1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಬಳಕೆಯ ಲೆಕ್ಕಕ್ಕೆ 75 ಸೆಂಟ್ ತಾಳೆಯಾಗಲಿಲ್ಲ. ಖಗೋಳ ವಿಜ್ಞಾನಿ ಕ್ಲಿಫರ್ಡ್ ಸ್ಟಾಲ್ ಅದರ ಬೆನ್ನುಹತ್ತಿದಾಗ ಹೊರಗಿನವನೊಬ್ಬ ಒಳಹೊಕ್ಕಿರುವುದು ತಿಳಿಯಿತು. ಅವರು ಕೂಡಲೇ ಬಾಗಿಲು ಮುಚ್ಚಲಿಲ್ಲ. ಸಹೋದ್ಯೋಗಿಗಳ ಮೇಜಿನ ಮೇಲಿದ್ದ ಪ್ರಿಂಟರುಗಳನ್ನು ಹೊತ್ತು ತಂದು (ಕೇಳದೆಯೇ ತಂದದ್ದು ಬೇರೆ ಮಾತು) ಒಳಬರುವ ಫೋನ್ ಸಂಪರ್ಕಗಳಿಗೆ ಜೋಡಿಸಿದರು. ಆತ ಟೈಪ್ ಮಾಡಿದ್ದೆಲ್ಲ ಕಾಗದದ ಮೇಲೆ ಬಿತ್ತು. ಒಳಗಿನ ಕಡತ ಅಳಿಸಿದಂತೆ ಕಾಗದವನ್ನು ದೂರದಿಂದ ಅಳಿಸಲಾದೀತೆ?

ಆತ ಗೂಢಲಿಪಿಯಲ್ಲಿದ್ದ ಪಾಸ್‌ವರ್ಡ್ ಕಡತವನ್ನೇ ನಕಲು ಮಾಡಿಕೊಳ್ಳುತ್ತಿದ್ದ. ಆ ಲಿಪಿಯನ್ನು ಹಿಮ್ಮುಖವಾಗಿ ಬಿಡಿಸಲು ಬರುವುದಿಲ್ಲ. ಆದರೆ ನಿಘಂಟಿನ ಪ್ರತಿ ಪದವನ್ನೂ ಅದೇ ಲಿಪಿಗೆ ತಿರುಗಿಸಿ ಹೋಲಿಸಬಹುದು. ತನ್ನದೇ ಯಂತ್ರದಲ್ಲಿ ಈ ಹುಡುಕಾಟ ನಡೆಸುವವನಿಗೆ ಸರ್ವರಿನ ತಡೆಯೇ ಇಲ್ಲ. ಕೊನೆಗೆ ಸ್ಟಾಲ್ ಸುಳ್ಳು ರಹಸ್ಯ ಕಡತಗಳನ್ನು ಇಟ್ಟರು. ಆತ ಅವನ್ನು ಓದುತ್ತ ಕುಳಿತಷ್ಟು ಹೊತ್ತಿನಲ್ಲಿ ಫೋನ್ ಜಾಡು ಜರ್ಮನಿಯ ಹ್ಯಾನೋವರ್ ತಲುಪಿತು. ಮಾರ್ಕಸ್ ಹೆಸ್ ಎಂಬಾತನಿಗೆ 1990ರಲ್ಲಿ ಗೂಢಚರ್ಯೆಯ ಆರೋಪದಲ್ಲಿ ಶಿಕ್ಷೆಯಾಯಿತು.

ಇಂದು ಪ್ರಿಂಟರಿನ ಸ್ಥಾನದಲ್ಲಿರುವುದು ‘ಲಾಗ್’ ಕಡತ. ವಿಫಲವಾದ ಪ್ರಯತ್ನ ಯಾವ ವಿಳಾಸದಿಂದ, ಯಾವ ಕ್ಷಣದಲ್ಲಿ ಬಂತೆಂಬುದು ಅದರಲ್ಲಿ ದಾಖಲಾಗುತ್ತದೆ. ಒಳಹೊಕ್ಕವನು ಅದನ್ನು ಅಳಿಸಬಹುದಾದ್ದರಿಂದ ಒಂದು ಪ್ರತಿಯನ್ನು ಬೇರೆ ಯಂತ್ರದಲ್ಲಿ ಇಡುತ್ತಾರೆ. ಆ ವಿಳಾಸದ ಕಂಪ್ಯೂಟರ್ ಯಾರೋ ಅಮಾಯಕರದಾಗಿದ್ದು, ಕಳ್ಳ ಅದನ್ನು ಮರೆಯಾಗಿ ಬಳಸಿರಬಹುದು. ಹೀಗಾಗಿ ಸೈಬರ್ ವಿಧಿವಿಜ್ಞಾನ ತಜ್ಞರು ವಿಳಾಸವೊಂದನ್ನೇ ನಂಬಿ ಹೆಸರು ಹೇಳುವುದಿಲ್ಲ. ಅವರು ಡಿಸ್ಕಿನ ಪೂರ್ಣ ನಕಲು ತೆಗೆದು, ಅದರಿಂದ ‘ಹ್ಯಾಷ್’ ಎಂಬ ಸಂಖ್ಯೆ ಲೆಕ್ಕಹಾಕಿ, ಪರೀಕ್ಷೆಯನ್ನು ನಕಲಿನ ಮೇಲಷ್ಟೇ ನಡೆಸುತ್ತಾರೆ. ಒಂದಕ್ಷರ ಬದಲಾದರೂ ಹ್ಯಾಷ್ ಬದಲಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಕಾರ, ನ್ಯಾಯಾಲಯಕ್ಕೆ ಇಂಥ ದಾಖಲೆಯೊಡನೆ ಕೊಡುವ ಪ್ರಮಾಣಪತ್ರದಲ್ಲಿ ಈ ಸಂಖ್ಯೆಯನ್ನೂ ನಮೂದಿಸಬೇಕು.