ತೇಪೆಯ ವಿದ್ಯೆ

ಹಂಪಿಯ ಕಲ್ಲಿನ ಕುಸುರಿಗೆ ಬೆರಗಾಗದವರಿಲ್ಲ. ಅಲ್ಲಿಂದ ತುಸು ದೂರ, ಸಂಡೂರಿನ ಬೆಟ್ಟಗಳ ಮಗ್ಗುಲಲ್ಲಿರುವ ತಾಂಡಾಗಳಲ್ಲಿ ಬಟ್ಟೆಯ ಮೇಲೊಂದು ಕುಸುರಿ ನಡೆದುಬಂದಿದೆ. ಕನ್ನಡಿ, ಕವಡೆ, ಬಣ್ಣದ ದಾರಗಳ ಆ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚನೆಯ ಮಾನ್ಯತೆ ದೊರೆಯಿತು. 2023ರ ಜುಲೈ ತಿಂಗಳಲ್ಲಿ ಹಂಪಿಯ ಜಿ-20 ಸಭೆಯ ಸಂದರ್ಭದಲ್ಲಿ ಏರ್ಪಟ್ಟ 1,755 ಲಂಬಾಣಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯನ್ನೂ ಸೇರಿತು.

ಇದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಈ ಸೂಜಿ ಪ್ರದರ್ಶನಕ್ಕೆಂದು ಕೈಗೆ ಬಂದುದಲ್ಲ. ರೈಲು ಬರುವ ಮುನ್ನ ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ನಾಡಿನಿಂದ ನಾಡಿಗೆ ಅಲೆಯುತ್ತಿದ್ದ ಜನರಿಗೆ ಹಾದಿಯಲ್ಲಿ ದರ್ಜಿಯೆಲ್ಲಿ ಸಿಕ್ಕಾನು? ಚೀಲ ಹರಿದರೂ, ಲಂಗ ಸವೆದರೂ ಹೊಲಿಯಬೇಕಾದವರು ತಾವೇ. ಬೇಕೆಂದು ಹೊಲಿದ ಕೈ, ಚೆಂದವಾಗಲೆಂದೂ ಹೊಲಿಯಿತು.

ಕೌದಿಯನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಲಂಬಾಣಿಗರಲ್ಲಿ ಮಾತ್ರವಲ್ಲ, ಉತ್ತರ ಕರ್ನಾಟಕದ ಮನೆಮನೆಯಲ್ಲೂ ಅದುಂಟು. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಹರಿದೆಡೆಗೆ ತೇಪೆಯಿಟ್ಟು, ಸಾಲುಸಾಲಾಗಿ ಹೊಲಿಗೆ ಹಾಕುತ್ತಾರೆ. ಅಜ್ಜಿ ಒಂದು ಅಂಚಿನಲ್ಲಿ ಕುಳಿತರೆ ಮೊಮ್ಮಗಳು ಇನ್ನೊಂದು ಅಂಚಿನಲ್ಲಿ. ಮೊದಲು ದಾರ ಪೋಣಿಸುವ ಕೆಲಸ, ಬಳಿಕ ಒಂದು ಸಾಲು, ಬಳಿಕ ಒಂದು ಮೂಲೆ. ಪಾಠವೆಂದು ಯಾರೂ ಹೇಳುವುದಿಲ್ಲ; ಕೈ ತಾನಾಗಿ ಕಲಿಯುತ್ತದೆ.

ಕಸೂತಿಯನ್ನು ಉಳಿಸಲು ಇಂದು ಸಂಡೂರು ಕುಶಲ ಕಲಾ ಕೇಂದ್ರದಂಥ ಸಂಸ್ಥೆಯಿದೆ. ತೇಪೆಗೆ ಯಾವ ಕೇಂದ್ರವಿದೆ? ಅಗ್ಗದ ಸಿದ್ಧ ಉಡುಪು ಅಂಗಡಿಯಲ್ಲಿ ರಾಶಿಬಿದ್ದಿರುವಾಗ, ಗುಂಡಿ ಕಿತ್ತ ಅಂಗಿ ಮೂಲೆ ಸೇರುತ್ತದೆ. ಹರಿದ ಬಟ್ಟೆಯೊಡನೆ ಅದನ್ನು ಹೊಲಿಯುವ ಅವಕಾಶವೂ ಮನೆಯಿಂದಾಚೆ ಹೋಗುತ್ತದೆ. ಕಣ್ಮರೆಯಾಗುತ್ತಿರುವುದು ಅಲಂಕಾರವಲ್ಲ, ಅದರ ಬೇರು.

ಇದು ಹೆಣ್ಣುಮಕ್ಕಳಿಗಷ್ಟೇ ಸೇರಿದ ವಿದ್ಯೆಯೆಂದು ಭಾವಿಸಬೇಕಾಗಿಲ್ಲ. ಸೂಜಿಯನ್ನೇ ಕಾಯಕವಾಗಿಸಿಕೊಂಡ ಸೂಜಿಕಾಯಕದ ರಾಮಿತಂದೆಯನ್ನು ನಮ್ಮ ವಚನ ಪರಂಪರೆ ಗೌರವದಿಂದ ನೆನೆಯುತ್ತದೆ. ಗಾಂಧೀಜಿಯವರು 1937ರಲ್ಲಿ ಮುಂದಿಟ್ಟ ಮೂಲಶಿಕ್ಷಣದ ಯೋಜನೆಯಲ್ಲಿ ಕೈಕಸಬೇ ಕಲಿಕೆಯ ನಡುಗಂಬವಾಗಿತ್ತು.

ಉಪಾಧ್ಯಾಯರು ವಾರಕ್ಕೊಂದು ಗಂಟೆ ಕೊಟ್ಟರೆ ಸಾಕು: ಗುಂಡಿ ಹಾಕುವುದು, ಬಿಚ್ಚಿದ ಅಂಚನ್ನು ಮಡಿಚಿ ಹೊಲಿಯುವುದು, ಒಂದು ತೇಪೆ. ಊರಿನ ಅಜ್ಜಿಯೊಬ್ಬರನ್ನು ಆ ಗಂಟೆಗೆ ಕರೆದು ಕೂರಿಸಿದರೆ ಇನ್ನೂ ಒಳಿತು. ಹೇಳಿಕೊಡಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಕಣ್ಣು ಮಂಜಾಗುವ ಮುನ್ನ ಮಕ್ಕಳು ಅವರ ಬಳಿ ಕುಳಿತು ಸೂಜಿ ಹಿಡಿಯಲಿ.